ಲಗಮವ್ವನ ಬಿಸಿಲೆಣ್ಣೆ

ಲಗಮವ್ವನನ್ನು ಅವಳ ಗಂಡನ ಮನೆಯವರು ನೆಲಕ್ಕೆ ಒತ್ತಿ ಹಿಡಿದದ್ದು ಒಂದು ಸೋಮವಾರ, ಮಟಮಟ ಮಧ್ಯಾಹ್ನದಲ್ಲಿ. ತೋಳಿಗೊಬ್ಬರಂತೆ ಇಬ್ಬರು, ಕಾಲಿಗೆ ಒಬ್ಬ. ಬೆನ್ನ ಮೇಲೆ ಮೊಣಕಾಲೂರಿ ಕೂತವನು ಅವಳ ಗಂಡ ಸಿದರಾಯನೇ. ಆಗ ಅವಳಿಗೆ ಹತ್ತೊಂಬತ್ತು ವರ್ಷ. ತೊಟ್ಟಿಲಲ್ಲಿದ್ದ ಎಂಟು ತಿಂಗಳ ಕೂಸು ಕರೆವ್ವ ಅತ್ತು ಅತ್ತು ದನಿ ಕಳೆದುಕೊಂಡಿತ್ತು.

ಅವಳು ಮಾಡಿದ ತಪ್ಪೇನೆಂದರೆ ಅವಳ ಮೈಯಿಂದ ಹೊಟ್ಟು ಉದುರುತ್ತಿತ್ತು. ಬಾಣಂತನ ಮುಗಿಯುತ್ತಲೇ ಮೊಣಕೈಯ ಮೇಲೆ ರೂಪಾಯಿಯಷ್ಟಗಲದ ಕೆಂಪು ಮಚ್ಚೆ ಎದ್ದಿತು. ಅದರ ಮೇಲೆ ಮೀನಿನ ಹುರುಪೆಯಂಥ ಬಿಳಿ ಪದರು. ಮೊದಲು ಮೊಣಕೈ, ಆಮೇಲೆ ಮೊಣಕಾಲು, ಆಮೇಲೆ ತಲೆ, ಬೆನ್ನು. ರೊಟ್ಟಿ ಬಡಿಯುವ ಕೊಣಮಿಗೆಯಲ್ಲಿ ಒಂದು ದಿನ ಅತ್ತೆ ತಾರವ್ವ ಆ ಬಿಳಿ ಪದರು ಕಂಡಳು. ಕಂಡವಳು ಕೊಣಮಿಗೆಯನ್ನು ಅಂಗಳಕ್ಕೆ ಎಸೆದು ಬೊಬ್ಬೆ ಹಾಕಿದಳು.

“ದೊಡ್ಡ ರೋಗ ತಂದಾಳಲ್ಲೋ ಯಪ್ಪಾ! ಮನಿಮಂದಿಗೆಲ್ಲಾ ಉಣಿಸ್ಯಾಳಲ್ಲೋ!”

ಗಂಡನ ಊರಾದ ರನ್ನ ಬೆಳಗಲಿಯಲ್ಲಿ ಆ ಮಾತು ಮನೆಯಿಂದ ಮನೆಗೆ ಹೋಗಲು ಅರ್ಧ ದಿನವೂ ಬೇಕಾಗಲಿಲ್ಲ. ದನಕರುಗಳಿಗೆ ಮದ್ದು ಹಾಕುವ ಮುದುಕನೊಬ್ಬ ಉಪಾಯ ಹೇಳಿಕೊಟ್ಟ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಆ ಕರಿಗೇರು ಬೀಜದ ಎಣ್ಣೆ. ಅದನ್ನು ಹಚ್ಚಿದರೆ ರೋಗ ಸುಟ್ಟು ಹೋಗುತ್ತದೆ ಎಂದ. ಆ ಎಣ್ಣೆ ಹನಿಯಷ್ಟು ತಾಗಿದರೂ ಚರ್ಮ ಬೊಬ್ಬೆ ಏಳುತ್ತದೆಂಬುದು ಹೊಲದಲ್ಲಿ ದುಡಿಯುವ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೇ ಹಚ್ಚಿದರು.

ಬೆನ್ನಿಗೆ, ಮೊಣಕೈಗೆ, ಕುತ್ತಿಗೆಗೆ ಹಚ್ಚಿದರು. ಲಗಮವ್ವ ಒದರಿದಳು. ತೋಳು ಹಿಡಿದ ಮೈದುನನ ಹೆಬ್ಬೆರಳಿಗೆ ಬಾಯಿ ಹಾಕಿದವಳು ಎಲುಬು ಸಿಗುವವರೆಗೂ ಬಿಡಲಿಲ್ಲ. ಸಿದರಾಯ ಅವಳ ಕೂದಲು ಹಿಡಿದು ತಲೆಯನ್ನು ಹಾಸುಗಲ್ಲಿಗೆ ಎರಡು ಸಲ ಕುಟ್ಟಿದ ಮೇಲೆಯೇ ಹಲ್ಲು ಸಡಿಲಾದವು. ಮರುದಿನ ಬೆನ್ನೆಲ್ಲ ಬೊಬ್ಬೆ ಎದ್ದು ಒಡೆದು ನೀರಾಡಿತು. ಮೂರನೆಯ ದಿನ ಕೀವಿನ ವಾಸನೆ ತಾಳಲಾರದೆ ಅವಳನ್ನು ಹೊರಗೆ ನೂಕಿ ಕದ ಹಾಕಿಕೊಂಡರು. ಕೂಸನ್ನು ಕೊಡಲಿಲ್ಲ. ಕದ ಬಡಿಯುತ್ತ ಕೂತವಳ ಮೇಲೆ ಓಣಿಯವರು ಕಲ್ಲು ತೂರಿದರು. ಒಂದು ಹಣೆಗೆ ಬಿತ್ತು, ಒಂದು ಸುಟ್ಟ ಬೆನ್ನಿಗೇ ಬಿತ್ತು. ಎದ್ದು ನಡೆದಳು. ಮಹಾಲಿಂಗಪುರದ ದಾರಿಯಲ್ಲಿ ಕಬ್ಬಿನ ಗಾಡಿಯವನೊಬ್ಬ ಮುಖ ನೋಡದೆ ಹತ್ತಿಸಿಕೊಂಡ. ಹಣೆಯ ರಕ್ತ ನೋಡಿದ ಮೇಲೆ ಇಳಿಸಲು ಅವನಿಗೂ ಮನಸ್ಸು ಬರಲಿಲ್ಲ.

ತವರುಮನೆ ರಬಕವಿ. ಅಪ್ಪ ಸಾತಪ್ಪ ಸೀರೆಯ ನೂಲಿಗೆ ಬಣ್ಣ ಹಾಕುವವ. ಮೊಣಕೈವರೆಗೆ ಕೈ ಯಾವಾಗಲೂ ನೀಲಿಯಾಗಿಯೋ ಕೆಂಪಾಗಿಯೋ ಇರುತ್ತಿದ್ದ ಮಿತಭಾಷಿ. ಮಗಳು ಅಂಗಳದಲ್ಲಿ ಬೋರಲು ಬಿದ್ದುಕೊಂಡಾಗ ಅವನು ಬೆನ್ನು ನೋಡಿದ. ಕುದಿಯುತ್ತಿದ್ದ ಬಣ್ಣದ ಕೊಪ್ಪರಿಗೆಯನ್ನು ಹಾಗೆಯೇ ಬಿಟ್ಟು ಒಳಗೆ ಹೋಗಿ ಕೊಡಲಿ ತಂದ.

“ಎಲ್ಲಿಗಿ ಯಪ್ಪಾ?”

“ಬೆಳಗಲಿಗೆ.”

“ನೀ ಜೈಲಿಗೆ ಹೋದರ ನನ್ನ ಯಾರ ನೋಡತಾರ? ಮೊದಲ ಇದು ಏನೈತಿ ಅಂತ ಕೇಳೂಣು ನಡಿ.”

ಕೊಡಲಿ ಮೂಲೆ ಸೇರಿತು. ಅಪ್ಪ ಮಗಳನ್ನು ಜಮಖಂಡಿಯ ದವಾಖಾನೆಗೆ ಕರೆದೊಯ್ದ. ಬೆನ್ನಿನ ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಮಚ್ಚೆಗಳ ಬಗ್ಗೆ ಅಲ್ಲಿನ ವೈದ್ಯರು ಸ್ಪಷ್ಟವಾಗಿ ಹೇಳಿದರು: ಇದು ಕುಷ್ಠವಲ್ಲ, ಸೋರಿಯಾಸಿಸ್. ಮುಟ್ಟಿದರೆ ಅಂಟುವುದಿಲ್ಲ. ಮೈಯ ರಕ್ತವೇ ಚರ್ಮದ ಮೇಲೆ ಸಿಟ್ಟಾದ ಹಾಗೆ. ಡಾಂಬರಿನ ವಾಸನೆಯ ಮುಲಾಮು ಕೊಟ್ಟರು. ಪೂರ್ತಿ ಹೋಗುತ್ತದೆಂದು ಮಾತ್ರ ಹೇಳಲಿಲ್ಲ.

ಎಣ್ಣೆಯ ದಾರಿ ತೋರಿಸಿದವನು ತೇರದಾಳದ ಅನಂತಪ್ಪ. ಅವನು ಜೈನರ ಮುದುಕ, ಬೇರು ನಾರು ತಿಳಿದವ. ಸೀರೆ ಕೊಳ್ಳಲು ರಬಕವಿಗೆ ಬಂದಾಗಲೆಲ್ಲ ಸಾತಪ್ಪನ ಅಂಗಳದಲ್ಲಿ ಕೂತು ಹೋಗುವುದು ರೂಢಿ. ಲಗಮವ್ವನ ಮೊಣಕೈಯನ್ನು ಹಿಡಿದು, ಉಗುರಿನಿಂದ ಹೊಟ್ಟು ಕೆರೆದು, ಅದರ ಕೆಳಗೆ ಸೂಜಿಮೊನೆಯಷ್ಟು ರಕ್ತ ಒಸರುವುದನ್ನು ನೋಡಿ ತಲೆಯಾಡಿಸಿದ. ದವಾಖಾನೆಯವರನ್ನು ಬಿಟ್ಟರೆ, ಮೂರು ತಿಂಗಳ ನಂತರ ಅವಳನ್ನು ಮುಟ್ಟಿದ ಮೊದಲ ಹೊರಗಿನವನು ಅವನೇ.

“ಸಾತಪ್ಪಾ, ನಿನ್ನ ಕಸಬಿನ ಗಿಡಾನ ಇದಕ್ಕ ಔಷಧ ಐತೆಲ್ಲೋ. ಎಲಿ ಕಿತ್ತರ ಹಾಲ ಸುರಿಸತೈತಿ, ಜೋಡಿ ಕಾಯಿ ಬಿಡತೈತಿ, ಹೊಳಿದಂಡಿಗೆ ಬೆಳೀತೈತಿ. ನಿಮ್ಮಜ್ಜ ಅದರಾಗ ನೀಲಿ ತೆಗೀತಿದ್ದ.”

ಸಾತಪ್ಪನಿಗೆ ನೆನಪಿತ್ತು. ಪೇಟೆಯ ಬಣ್ಣದ ಡಬ್ಬಿ ಬಂದ ಮೇಲೆ ಆ ಗಿಡವನ್ನು ಎಲ್ಲರೂ ಮರೆತಿದ್ದರು. ಎಲೆಗೆ ಕಬ್ಬಿಣ ತಾಗಿಸದೆ ಕೈಯಿಂದಲೇ ಹರಿದು, ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿ, ಏಳು ದಿನ ಸುಡುಬಿಸಿಲಿಗೆ ಇಡಬೇಕು. ಒಲೆಯ ಮೇಲೆ ಇಡಬಾರದು. ಮೂರನೆಯ ದಿನ ಎಣ್ಣೆಯ ಅಂಚು ಕೆಂಪಾಯಿತು. ಏಳನೆಯ ದಿನಕ್ಕೆ ನೇರಳೆ ಹಣ್ಣಿನ ರಸದ ಹಾಗೆ ಕಪ್ಪು ನೀಲಿ. ಬಣ್ಣದವರ ಮಗಳು ಲಗಮವ್ವ ಮೂಗಿನ ಹತ್ತಿರ ಹಿಡಿದು, ಬೆರಳಿಗೆ ಸವರಿ, ಬಿಸಿಲಿಗೆ ಹಿಡಿದು ನೋಡಿದಳು.

ಹಚ್ಚತೊಡಗಿದ ಒಂದು ತಿಂಗಳಿಗೆ ತುರಿಕೆ ನಿಂತಿತು. ನಾಲ್ಕು ತಿಂಗಳಿಗೆ ಹೊಟ್ಟು ಉದುರುವುದು ನಿಂತು, ಮಚ್ಚೆಗಳು ಮಾಸಿದ ಕಲೆಗಳಾದವು. ಸುಟ್ಟ ಬೆನ್ನಿನ ಗುರುತು ಮಾತ್ರ ಹಾಗೆಯೇ ಉಳಿಯಿತು. ಅನಂತಪ್ಪ ಮೊದಲೇ ಹೇಳಿದ್ದ: “ಹೋಗೂದಲ್ಲವಾ ಇದು, ಅಡಗೂದು. ಥಂಡಿ ದಿನಕ್ಕ ಮತ್ತ ಬರತೈತಿ. ಬಂದಾಗ ಮತ್ತ ಹಚ್ಚು. ಹೋತು ಅಂತ ಯಾರಿಗೂ ಸುಳ್ಳ ಹೇಳಬ್ಯಾಡ.”

ಮೈ ತಿಳಿಯಾದ ವಾರದಲ್ಲೇ ಲಗಮವ್ವ ಬೆಳಗಲಿಗೆ ಹೊರಟಳು. ಅಪ್ಪ ಜೊತೆಗೆ ಬರುತ್ತೇನೆಂದರೂ ಕೇಳಲಿಲ್ಲ. ಕೊಪ್ಪರಿಗೆಯಲ್ಲಿ ನೂಲು ತಿರುವುವ ಬಿದಿರಿನ ಗಳವೊಂದನ್ನು ಊರುಗೋಲಿನ ಹಾಗೆ ಹಿಡಿದುಕೊಂಡಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಗಂಡನ ಮನೆಯ ಅಂಗಳ ತಲುಪಿದಾಗ ಕರೆವ್ವ ಮಣ್ಣಿನಲ್ಲಿ ಕೂತಿತ್ತು. ಎತ್ತಿ ಕಂಕುಳಿಗೆ ಹಾಕಿಕೊಂಡಳು. ಕೂಸಿಗೆ ಅವ್ವನ ಗುರುತು ಸಿಗದೆ ಚೀರತೊಡಗಿತು. ಆ ಚೀರಾಟಕ್ಕೆ ಸಿದರಾಯ ಹೊರಗೆ ಬಂದ.

“ಕೂಸ ಇಳಸ ಬೇ ರಂಡೆ!”

ಅವನು ಕೈ ಹಾಕಿದ. ಲಗಮವ್ವ ಒಂದೇ ಕೈಯಿಂದ ಗಳ ಬೀಸಿದಳು. ಭುಜಕ್ಕೂ ಕುತ್ತಿಗೆಗೂ ನಡುವೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಅವನು ಕುಕ್ಕರಿಸಿದ. ಅಷ್ಟಕ್ಕೆ ನಿಲ್ಲಲಿಲ್ಲ ಅವಳು. ಬಿದ್ದವನ ಬೆನ್ನಿಗೆ ಇನ್ನೂ ನಾಲ್ಕು ಹಾಕಿದಳು, ಎಣಿಸಿ ಹಾಕಿದ ಹಾಗೆ ಒಂದೊಂದಾಗಿ. ತಾರವ್ವ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡಳೇ ಹೊರತು ಹೊಸ್ತಿಲು ದಾಟಲಿಲ್ಲ. ಓಣಿಯವರೂ ನೋಡುತ್ತ ನಿಂತರು. ಯಾರ ಕೈಯಲ್ಲೂ ಈಗ ಕಲ್ಲಿರಲಿಲ್ಲ. ಅವಳು ಕೂಸಿನ ಮುಖವನ್ನು ಸೆರಗಿನಲ್ಲಿ ಒರೆಸಿ, ಬಂದ ದಾರಿಯಲ್ಲೇ ಹಿಂತಿರುಗಿದಳು. ಸಿದರಾಯ ಆಮೇಲೆ ಬೇರೆ ಮದುವೆಯಾದನೆಂದು ಕೇಳಿದಳು. ಬೆಳಗಲಿಯ ಮಾತು ಅಲ್ಲಿಗೆ ಮುಗಿಯಿತು.

ಹತ್ತು ಹನ್ನೆರಡು ವರ್ಷಗಳಲ್ಲಿ ಅಪ್ಪ ತೀರಿಕೊಂಡ, ರಬಕವಿಯ ಸುತ್ತ ಅವಳ ಹೆಸರು ಹಬ್ಬಿತು. ಮುಧೋಳ, ಬೀಳಗಿ ಕಡೆಯಿಂದಲೂ ಜನ ಬರುತ್ತಿದ್ದರು. ಬಣ್ಣದ ನೀರಿನಲ್ಲಿ ಕೈ ಬಿರಿದವರು, ತಲೆಯಲ್ಲಿ ಹೊಟ್ಟು ಕಟ್ಟಿದವರು, ಮದುವೆ ಮುರಿದ ಹುಡುಗಿಯರು. ಅವಳ ಕ್ರಮ ಒಂದೇ. ಮೊದಲು ಮಚ್ಚೆಯ ಮೇಲೆ ಕೋಳಿಗರಿ ಆಡಿಸುವಳು, ಆಮೇಲೆ ಸೂಜಿ ಚುಚ್ಚುವಳು. ಮುಟ್ಟಿದ್ದು ಗೊತ್ತಾಗಲಿಲ್ಲ ಎಂದವರಿಗೆ ಎಣ್ಣೆಯಿಲ್ಲ, ಮರಗಟ್ಟಿದ ಮಚ್ಚೆ ಕುಷ್ಠದ್ದು. “ಇದು ನಂದಲ್ಲ, ದವಾಖಾನಿದು. ಗುಳಿಗಿ ಕೊಡತಾರ, ತಪ್ಪಸದ ತೊಗೊ” ಎಂದು ಜಮಖಂಡಿಗೆ ಅಟ್ಟುತ್ತಿದ್ದಳು. ಎಣ್ಣೆ ಮಾಡುವ ರೀತಿಯನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಎಲ್ಲರಿಗೂ ಬೇಗ ಗುಣವಾಗಬೇಕಿತ್ತು. ಏಳು ದಿನದ ಬಿಸಿಲು, ನಾಲ್ಕು ತಿಂಗಳ ತಾಳ್ಮೆ ಯಾರಿಗೂ ಬೇಕಿರಲಿಲ್ಲ.

ಬನಹಟ್ಟಿಯ ಜಕ್ಕಪ್ಪನಿಗಂತೂ ಬೇಕಿರಲೇ ಇಲ್ಲ. ಔಷಧದಂಗಡಿಯಲ್ಲಿ ದುಡಿದು ಗುಳಿಗೆಗಳ ಹೆಸರು ಕಲಿತು, ಸ್ವಂತ ಅಂಗಡಿ ಹಾಕಿದವ ಅವನು. ಬರಿಯ ಕೊಬ್ಬರಿ ಎಣ್ಣೆಗೆ ನೂಲಿನ ಬಣ್ಣದ ಪುಡಿ ಕಲಕಿ ನೇರಳೆ ಮಾಡಿದ. ಬಾವು ಇಳಿಸುವ ಬಿಳಿ ಸ್ಟಿರಾಯ್ಡ್ ಗುಳಿಗೆಯನ್ನು ಅರೆದು ಅರ್ಧ ಎಣ್ಣೆಗೆ ಬೆರೆಸಿದ, ಅರ್ಧವನ್ನು ನುಂಗಲು ಪೊಟ್ಟಣ ಕಟ್ಟಿದ. ಶೀಶೆಯ ಮೇಲೆ ‘ಲಗಮವ್ವನ ಎಣ್ಣೆ’ ಎಂದು ಚೀಟಿ ಅಂಟಿಸಿದ. ಐದೇ ದಿನಕ್ಕೆ ಮೈ ಕನ್ನಡಿಯಾಗುತ್ತಿತ್ತು. ಜನ ಮುಗಿಬಿದ್ದರು. ಲಗಮವ್ವನಿಗೆ ಸುದ್ದಿ ಮುಟ್ಟಿದಾಗ ಅವಳು ಹೋಗಿ ಅವನ ಅಂಗಡಿಯೆದುರು ಬೈದು ಬಂದಳು, ಅವನು ನಕ್ಕ. ಅದಕ್ಕಿಂತ ಹೆಚ್ಚೇನೂ ಅವಳು ಮಾಡಲಿಲ್ಲ.

ರಬಕವಿಯ ನೇಕಾರ ಹೊಳೆಪ್ಪನ ತಮ್ಮ ಸಾಬಣ್ಣ. ಇಪ್ಪತ್ತೆರಡರ ಹರೆಯದ ಹುಡುಗ, ಮೈಮೇಲೆ ಅದೇ ಮಚ್ಚೆಗಳು, ಮದುವೆ ಗೊತ್ತಾಗಿತ್ತು. ಜಕ್ಕಪ್ಪನ ಎಣ್ಣೆ ಹಚ್ಚಿ, ಪುಡಿ ನುಂಗಿ, ತಿಳಿ ಮೈಯಲ್ಲಿ ಅಕ್ಷತೆ ಹಾಕಿಸಿಕೊಂಡ. ಗುಣವಾಯಿತೆಂದು ಎರಡನ್ನೂ ಒಮ್ಮೆಗೇ ಬಿಟ್ಟ. ಗುಳಿಗೆ ಅದುಮಿಟ್ಟಿದ್ದ ರೋಗ ತಿರುಗಿಬಿದ್ದು, ಹತ್ತು ದಿನಗಳಲ್ಲಿ ತಲೆಯಿಂದ ಕಾಲಿನವರೆಗೆ ಮೈ ಕೆಂಡದಂತೆ ಕೆಂಪಾಗಿ ಊದಿತು. ಚರ್ಮ ಹಾಳೆ ಹಾಳೆಯಾಗಿ ಕಳಚಿ ಹಾಸಿಗೆಗೆ ಅಂಟಿಕೊಂಡಿತು. ನಡುಬೇಸಿಗೆಯಲ್ಲಿ ಗಡಗಡ ನಡುಗುತ್ತ, ನಾಲ್ಕು ಕಂಬಳಿಯ ಕೆಳಗೆ ಹುಡುಗ ದವಾಖಾನೆಯಲ್ಲಿ ಸತ್ತ.

ಮಣ್ಣು ಕೊಟ್ಟ ಮರುದಿನ ಬೆಳಿಗ್ಗೆ ಹೊಳೆಪ್ಪ ನಾಲ್ವರನ್ನು ಕಟ್ಟಿಕೊಂಡು ಲಗಮವ್ವನ ಅಂಗಳಕ್ಕೆ ನುಗ್ಗಿದ. ಎಲ್ಲರ ಕೈಯಲ್ಲೂ ಮಗ್ಗದ ಮರದ ತುಂಡುಗಳು. ಬಿಸಿಲಿಗಿಟ್ಟ ಎಣ್ಣೆಯ ಬೋಗುಣಿಗಳನ್ನು ಒಂದೂ ಬಿಡದೆ ಒಡೆದರು. ಅಂಗಳವೆಲ್ಲ ನೇರಳೆ ಹರಿಯಿತು. ಹನ್ನೆರಡರ ಕರೆವ್ವ ಅಡ್ಡ ಬಂದಾಗ ಒಬ್ಬ ಅವಳನ್ನು ಎತ್ತಿ ಗೋಡೆಗೆ ಒಗೆದ.

“ನನ್ನ ತಮ್ಮನ್ನ ತಿಂದಿ!” ಎಂದು ಹೊಳೆಪ್ಪ ಬೀಸಿದ್ದು ತಲೆಗೆ. ಲಗಮವ್ವ ಬಲಗೈ ಅಡ್ಡ ತಂದಳು. ಎಲುಬು ಎರಡು ಕಡೆ ಮುರಿದು, ಕೈ ಮೊಣಕೈಯ ಕೆಳಗೆ ಹೊಸದೊಂದು ಕೀಲು ಮೂಡಿದ ಹಾಗೆ ಜೋತುಬಿತ್ತು. ಎಣ್ಣೆಯಲ್ಲಿ ಜಾರಿ ಬಿದ್ದವಳ ಪಕ್ಕೆಗೆ ಒದ್ದರು. ಬಾಯಲ್ಲಿ ರಕ್ತ ಬಂತು. ಆ ರಕ್ತವನ್ನು ಉಗುಳಿ ಅವಳು ಕೂಗಿದಳು:

“ಕೊಲ್ರಿ, ಬ್ಯಾಡ ಅನ್ನೂದಿಲ್ಲ! ಆದರ ನಿನ್ನ ತಮ್ಮ ಹಚ್ಚಿದ ಶೀಶೆ ಮೊದಲ ತೋರಿಸಲೇ ಹೊಳೆಪ್ಪಾ!”

ಶೀಶೆ ಅವನ ಜೇಬಿನಲ್ಲೇ ಇತ್ತು. ಮೋರೆಗೆ ಎಸೆಯಲು ತಂದಿದ್ದ. ಹೊರಗೆ ತೆಗೆದ.

“ಚರಗಿ ನೀರಾಗ ಹಾಕು. ನೀ ನೇಕಾರ ಹೌದಿಲ್ಲೋ? ನೀನ ನೋಡು.”

ಅವಳ ದನಿಯಲ್ಲಿ ಏನಿತ್ತೋ, ಅವನು ಹಾಕಿದ. ಹಾಕಿ ಕಲಕುತ್ತಲೇ ಎಣ್ಣೆ ಬೆಳ್ಳಗೆ ಮೇಲೆ ತೇಲಿತು, ನೇರಳೆಯೆಲ್ಲ ನೀರಿಗಿಳಿಯಿತು. ಒಡೆದ ಬೋಗುಣಿಯ ತಳದಲ್ಲಿ ಉಳಿದಿದ್ದ ಲಗಮವ್ವನ ಎಣ್ಣೆಯನ್ನು ಇನ್ನೊಂದು ಚರಗಿಗೆ ಸುರಿದರು. ಬಣ್ಣ ಎಣ್ಣೆಯಲ್ಲೇ ನಿಂತಿತು. ನೀರು ತಿಳಿಯಾಗಿಯೇ ಇತ್ತು. ಶೀಶೆಯದು ಪೇಟೆಯ ಡಬ್ಬಿಯ ನೂಲಿನ ಬಣ್ಣ ಎಂಬುದು ಐವರಿಗೂ ತಿಳಿಯಿತು. ಹೊಳೆಪ್ಪ ಅವಳ ಜೋತ ಕೈ ನೋಡಿದ.

“ಎಲ್ಲಿ ತೊಗೊಂಡಿದ್ದ ಅಂವ?” ಎಂದು ಲಗಮವ್ವ ಕೇಳಿದಳು.

“ಬನಹಟ್ಟ್ಯಾಗ. ಜಕ್ಕಪ್ಪನ ಕಡೆ.”

ಅವರು ಹೊರಟರು. ದಾರಿಯಲ್ಲಿ ಐವರು ಐವತ್ತಾದರು. ಲಗಮವ್ವ ಮುರಿದ ಕೈಯನ್ನು ಸೆರಗಿನಿಂದ ಕೊರಳಿಗೆ ಕಟ್ಟಿಕೊಂಡು, ಬೇಡವೆಂದು ಅಳುವ ಕರೆವ್ವನನ್ನು ನೆರೆಮನೆಯಲ್ಲಿ ಬಿಟ್ಟು, ಅವರ ಹಿಂದೆಯೇ ನಡೆದಳು. ಯಾಕೆ ಹೋದಳೆಂದು ಆಮೇಲೆ ಬಹಳ ಜನ ಕೇಳಿದರು. “ನೋಡಾಕ” ಎಂದಷ್ಟೇ ಹೇಳಿದಳು.

ಜಕ್ಕಪ್ಪನನ್ನು ಅಂಗಡಿಯಿಂದ ಕಾಲು ಹಿಡಿದು ಎಳೆದರು. ಮೆಟ್ಟಿಲಿಗೆ ತಲೆ ಬಡಿಯುತ್ತ ಬಂತು. ಅವನದೇ ಶೀಶೆಗಳನ್ನು ಅವನ ಮೇಲೆ ಒಡೆದರು. ಯಾರ ಹೊಡೆತ ಎಲ್ಲಿ ಬೀಳುತ್ತಿದೆ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನ ಹೆಂಡತಿ ಹೀರಾ ಮೈಮೇಲೆ ಬಿದ್ದು ತಬ್ಬಿದಾಗ ಅವಳನ್ನೂ ಒದ್ದು ಸರಿಸಿದರು. ಲಗಮವ್ವ ಎದುರಿನ ಕಟ್ಟೆಯ ಮೇಲೆ ನಿಂತಿದ್ದಳು. ಜನರ ಕಾಲುಗಳ ಸಂದಿಯಿಂದ ಜಕ್ಕಪ್ಪ ಅವಳನ್ನು ಕಂಡ.

“ಲಗಮವ್ವಾ! ನೀನರ ಸಾಕ ಅನ್ನ ಬೇ! ನಿನ್ನ ಮಾತ ಕೇಳತಾರ!”

ಕೇಳುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ಹಲ್ಲು ಕಚ್ಚಿ ಹಿಡಿದಳು. ಅಷ್ಟರಲ್ಲಿ ಯಾರೋ ಒಡೆದ ಶೀಶೆಯ ಕೊರಳನ್ನು ಅವನ ಮುಖಕ್ಕೆ ಒತ್ತಿದರು. ಆ ಕೂಗು ಕೇಳಿದ ಮೇಲೆ ಗುಂಪು ತಾನೇ ಹಿಂದೆ ಸರಿಯಿತು. ಜಕ್ಕಪ್ಪನ ಎಡಗಣ್ಣು ಹೋಯಿತು.

ಫೌಜುದಾರರು ಹೇಳಿಕೆ ಬರೆದುಕೊಳ್ಳಲು ದವಾಖಾನೆಗೆ ಬಂದರು. ಲಗಮವ್ವ ಮಂಚದ ಮೇಲೆ ಎದ್ದು ಕೂತು ಹೇಳಿದಳು: “ನನ್ನ ಕೈ ಮುರದಾಂವ ಹೊಳೆಪ್ಪ. ಜಕ್ಕಪ್ಪನ ಕಣ್ಣಿಗೆ ಚುಚ್ಚಿದಾಂವ ಯಾರು ಅಂತ ಕಾಣಲಿಲ್ರಿ. ಸಾಕ ಅಂದಿದ್ರ ನಿಲ್ಲಸತಿದ್ರು, ನಾ ಅನ್ನಲಿಲ್ಲ. ಅದನ್ನೂ ಬರಕೊಳ್ರಿ.” ಕೊನೆಯದನ್ನು ಅವರು ಬರೆದುಕೊಳ್ಳಲಿಲ್ಲ. ಹೊಳೆಪ್ಪನಿಗೆ ಮೂರು ವರ್ಷ ಜೈಲಾಯಿತು, ನಕಲಿ ಎಣ್ಣೆಗಾಗಿ ಜಕ್ಕಪ್ಪನಿಗೆ ಎರಡು.

ಕೋರ್ಟಿನ ಖಟ್ಲೆಗಾಗಿ ಎರಡೂ ಎಣ್ಣೆಗಳನ್ನು ಪರೀಕ್ಷೆಗೆ ಕಳಿಸಿದ್ದರು. ಅದರಿಂದಾಗಿ ಬೆಳಗಾವಿಯ ಕಡೆಯ ಕಾಲೇಜಿನ ತರುಣ ಮೇಷ್ಟ್ರೊಬ್ಬ ಗಿಡ ನೋಡಲು ಬಂದ. ಎಲೆಯ ಒಳಗಿನ ಯಾವ ಅಂಶ ಬಾವು ಇಳಿಸುತ್ತದೆಂದು ಬೇರೆ ಮಾಡಿ ನೋಡಬೇಕು ಎಂದ.

“ಹೆಂಗ ನೋಡತೀರಿ?”

“ಇಲಿಯ ಕಿವಿಗೆ ಉರಿಯೋ ಎಣ್ಣಿ ಹಚ್ಚಿ ಬಾವು ತರಸ್ತೀವ್ರಿ. ಆಮೇಲೆ ಈ ಎಲಿ ಸತ್ವ ಹಚ್ಚಿ ಎಷ್ಟ ಇಳೀತು ಅಳೀತೀವಿ.”

ಲಗಮವ್ವ ಬೆನ್ನಿನ ಮೇಲೆ ಸೆರಗು ಎಳೆದುಕೊಂಡಳು. “ಹಿಡಕೊಂಡ ಹಚ್ಚತೀರೇನು?” ಎಂದು ಕೇಳಿದಳು. ಹೌದೆಂದ. “ಒದರತಾವೇನು?” ಅವನು ಪುಸ್ತಕ ತೆರೆದು ಏನೋ ಬರೆಯತೊಡಗಿದ. ಅವಳು ಎದ್ದು, ಎಡಗೈಯಿಂದಲೇ ಒಂದು ಚೀಲ ಎಲೆ ಕಿತ್ತುಕೊಟ್ಟಳು. “ಥಂಡ್ಯಾಗ ಮತ್ತ ಬರತೈತಿ ಅನ್ನೂದನ್ನೂ ನಿಮ್ಮ ಪುಸ್ತಕದಾಗ ಬರೀರಿ” ಎಂದಳು. ವರ್ಷದ ನಂತರ ಅವನ ಕಾಗದ ಬಂತು. ಕರೆವ್ವ ಓದಿ ಹೇಳಿದಳು. ಬಾವು ಇಳಿಯುವುದು ಖರೆ, ಮನುಷ್ಯರ ಮೇಲೆ ಇನ್ನೂ ಬಹಳ ನೋಡಬೇಕು ಎಂದಿತ್ತು.

ಬಲಗೈ ಸೊಟ್ಟಗೇ ಕೂಡಿಕೊಂಡಿತು. ಒಂದು ದಿನ ಲಗಮವ್ವ ಬನಹಟ್ಟಿಗೆ ಹೋಗಿ ಜಕ್ಕಪ್ಪನ ಮನೆಯ ಬಾಗಿಲು ಬಡಿದಳು. ಹೀರಾ ತೆರೆದಳು, ಯಾರೆಂದು ನೋಡಿದಳು, ಕೈಯಲ್ಲಿದ್ದ ಒನಕೆಯನ್ನು ಎತ್ತಿದಳು. ಲಗಮವ್ವ ಕೈ ಅಡ್ಡ ಹಿಡಿಯಲಿಲ್ಲ. ಹೀರಾ ಹೊಡೆಯಲೂ ಇಲ್ಲ. ಒನಕೆಯನ್ನು ಗೋಡೆಗೆ ಬಡಿದು ಕದ ಹಾಕಿಕೊಂಡಳು. ಎರಡನೆಯ ಸಲ ಅವಳು ಹೋಗಲಿಲ್ಲ.

ಹೊಳೆಪ್ಪ ಜೈಲಿನಿಂದ ಬಂದು ವರ್ಷವಾಗಿರಲಿಲ್ಲ. ತಮ್ಮನ ರೋಗ ಅವನ ರಕ್ತದಲ್ಲೂ ಇತ್ತು. ಮೊಣಕೈ, ಮೊಣಕಾಲು ಬಿರಿದು ಮಗ್ಗದ ಮೇಲೆ ಕೂರಲಾರದವನಾದ. ಲಗಮವ್ವನ ಅಂಗಳದಲ್ಲಿ ಬಂದು ನಿಂತ. ಬೆಳೆದ ಹುಡುಗಿ ಕರೆವ್ವ ಅವನನ್ನು ಕಂಡದ್ದೇ ಕುಡಗೋಲು ತೆಗೆದುಕೊಂಡು ಮುಂದೆ ನಡೆದಳು. ಲಗಮವ್ವ ಅವಳ ರಟ್ಟೆ ಹಿಡಿದಳು. ಅವನನ್ನು ಹೊರಗಿನ ಕಲ್ಲಿನ ಮೇಲೆ ಕೂಡಿಸಿ ಗರಿ ಆಡಿಸಿದಳು, ಸೂಜಿ ಚುಚ್ಚಿದಳು. ಸೂಜಿಯನ್ನು ಬೇಕಾದ್ದಕ್ಕಿಂತ ತುಸು ಆಳಕ್ಕೇ ಇಳಿಸಿದಳು. ಅವನು ಹಲ್ಲು ಕಚ್ಚಿದ.

“ಎಣ್ಣಿ ಕೊಡತೇನಿ. ಹದಿನೈದ ದಿನಕ್ಕೊಮ್ಮಿ ಬಾ. ಆದರ ಈ ಹೊಸ್ತಲಾ ದಾಟಬ್ಯಾಡ.”

“ಅಕ್ಕಾರ, ನನ್ನಿಂದ ತಪ್ಪಾತ್ರಿ.”

“ತಪ್ಪಾತು ಅಂತ ನನಗೂ ಗೊತ್ತೈತಿ. ಶೀಶೆ ಕೊಡು.”

ಅವನು ಏಳೆಂಟು ವರ್ಷ ಬಂದ. ಹೊಸ್ತಿಲು ದಾಟಲಿಲ್ಲ. ಮೈ ತಿಳಿಯಾಗಿ ಮತ್ತೆ ಮಗ್ಗ ಹಿಡಿದ ವರ್ಷ ಸ್ವಂತ ಕೈಯಿಂದ ನೇಯ್ದ ಸೀರೆಯೊಂದನ್ನು ತಂದು ಕಟ್ಟೆಯ ಮೇಲಿಟ್ಟು ಹೋದ. ಅದು ಹಿಂಡಿದರೂ ಬಣ್ಣ ಬಿಡದ ಒಳ್ಳೆಯ ಸೀರೆ. ಲಗಮವ್ವ ಅದನ್ನು ಉಡಲಿಲ್ಲ, ಹಿಂದಕ್ಕೂ ಕೊಡಲಿಲ್ಲ. ತುಂಡು ತುಂಡಾಗಿ ಹರಿದು ಎಣ್ಣೆ ಸೋಸಲು ಇಟ್ಟುಕೊಂಡಳು. ನೂಲು ಗಟ್ಟಿಯಾಗಿತ್ತು, ಅವಳು ಇರುವವರೆಗೂ ಬಾಳಿತು.